ಅನುದಾನ ಕಡಿತವಾದ ವರ್ಷಕ್ಕೆ ಎರಡೂವರೆ ಕಿಲೊ ಉಪ್ಪು

ಹಳ್ಳಿಯ ಆಶಾ ಕಾರ್ಯಕರ್ತೆಯರ ತರಬೇತಿಯ ಅನುದಾನಕ್ಕೆ ಕತ್ತರಿ ಬಿದ್ದಾಗ ಸಭಾಂಗಣ, ಊಟ, ಬ್ಯಾಗು ಹೇಗೋ ಉಳಿದುಕೊಳ್ಳುತ್ತವೆ. ಹೋಗುವುದು ಎಳೆಗೂಸನ್ನು ತೂಗುವ, ಉಸಿರು ಎಣಿಸುವಂಥ ಕೈಕೆಲಸದ ಮರು ಅಭ್ಯಾಸ. ಅದಕ್ಕೆ ಬಿಲ್ಲಿಲ್ಲ, ಫೋಟೊ ಇಲ್ಲ, ನಿಂತುಹೋದರೂ ಕಡತದಲ್ಲಿ ಗೊತ್ತಾಗುವುದಿಲ್ಲ.

ಇನ್ನೊಂದು ಕಾಟ ಫೆಬ್ರುವರಿಯಲ್ಲಿ ಬರುವ ಹಣ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂದು 30 ಮಂದಿಯ ತಂಡ 60 ಆಗುತ್ತದೆ. ಅಭ್ಯಾಸಕ್ಕೆ ಶಿಶುವಿನಂಥ ಗೊಂಬೆ ಒಂದೇ, ತಲಾ 10 ನಿಮಿಷ ಹಿಡಿದರೆ 30 ಮಂದಿಗೇ 5 ತಾಸು ಬೇಕು. 60 ಮಂದಿ ಕೂತಲ್ಲಿ ಮುಂದಿನ ಸಾಲಿನ ನಾಲ್ವರು ಗೊಂಬೆ ಮುಟ್ಟುತ್ತಾರೆ, ಉಳಿದವರು ಸಹಿ ಮಾಡುತ್ತಾರೆ.

ಗದಗ ಜಿಲ್ಲೆಯಂಥ ಕಡೆ ಈ ಮರು ಅಭ್ಯಾಸವನ್ನು ಆರೋಗ್ಯ ಉಪಕೇಂದ್ರಕ್ಕೆ ಇಳಿಸುವುದು ಒಳ್ಳೆಯದು. 5,000 ಜನಸಂಖ್ಯೆಗೊಂದು ಉಪಕೇಂದ್ರ, ಸಾವಿರಕ್ಕೊಬ್ಬ ಆಶಾ, ಅಂದರೆ ಐವರು. ತಿಂಗಳಿಗೊಮ್ಮೆ ತಲಾ 8 ನಿಮಿಷದಂತೆ 40 ನಿಮಿಷ ಸಾಕು. ಅಲ್ಲಿನ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅಥವಾ ಸಿಸ್ಟರ್ ನಡೆಸಬಹುದು, ಮುಂಡರಗಿಯಿಂದ ಗದಗಕ್ಕೆ ಯಾರೂ ದಿನ ಕಳೆದು ಹೋಗಬೇಕಿಲ್ಲ. ಹೆಸರುಕಾಳು ಬಿಡಿಸುವ ದಿನಗಳಲ್ಲಿ ಮಾತ್ರ ಇಡಬೇಡಿ, ಹೊಲಕ್ಕೆ ಹೋದವರು ಬರುವುದಿಲ್ಲ.

ಮೊದಲ ಅಭ್ಯಾಸ ತೂಕ. ಉಪ್ಪಿನ ಪಾಕೀಟು ಒಂದು ಕಿಲೊದವು ಎರಡು, ಅರ್ಧ ಕಿಲೊದ್ದು ಒಂದು ತರಿಸಿ. ಮಗುವನ್ನು ಮಲಗಿಸುವ ಖಾಲಿ ಜೋಳಿಗೆಯನ್ನು ತಕ್ಕಡಿಗೆ ತೂಗುಹಾಕಿ ಮುಳ್ಳನ್ನು ಸೊನ್ನೆಗೆ ತನ್ನಿ, ಆಮೇಲೆ ಉಪ್ಪು ಇಡಿ. ಕಡಿಮೆ ತೂಕದ ಶಿಶುವನ್ನು ಗುರುತಿಸುವ ಗೆರೆಯೇ 2.5 ಕಿಲೊ, ಹಾಗಾಗಿ ತಕ್ಕಡಿ ಸುಳ್ಳು ಹೇಳಬಾರದ ಜಾಗವೂ ಅದೇ. ಜೋಳಿಗೆ ಇಲ್ಲದೆ ಸೊನ್ನೆ ಮಾಡಿದರೆ ಬಟ್ಟೆಯ ತೂಕ ಮಗುವಿಗೆ ಸೇರುತ್ತದೆ, 2.4ರ ಕೂಸು 2.5 ಆಗಿ ಪಟ್ಟಿಯಿಂದ ಜಾರಿಹೋಗುತ್ತದೆ. ಸ್ಪ್ರಿಂಗ್ ಸಡಿಲಾದ ತಕ್ಕಡಿಯೂ ಈ ಉಪ್ಪಿಗೇ ಸಿಕ್ಕಿಬೀಳುತ್ತದೆ.

ಎರಡನೆಯದು ಉಸಿರಿನ ಎಣಿಕೆ. ಮಲಗಿದ ಶಿಶುವಿನ ಎದೆ-ಹೊಟ್ಟೆ ಕಾಣುವ ಒಂದು ನಿಮಿಷದ ವಿಡಿಯೊ ಐವರಿಗೂ ತೋರಿಸಿ, ಒಬ್ಬರದು ಒಬ್ಬರಿಗೆ ಕಾಣದಂತೆ ಸಂಖ್ಯೆ ಬರೆಸಿ. ಒಬ್ಬರು 48, ಇನ್ನೊಬ್ಬರು 96 ಬರೆದರೆ ಕಾರಣ ಸ್ಪಷ್ಟ: ಏರಿದ್ದನ್ನೂ ಇಳಿದದ್ದನ್ನೂ ಎಣಿಸಿದ್ದಾರೆ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡುವ ಚಾಳಿಯೂ ಉಂಟು. ಎಳೆಗೂಸು ಒಮ್ಮೆ ಬೇಗ, ಒಮ್ಮೆ ತಡೆದು ಉಸಿರಾಡುವುದರಿಂದ ಆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ಆಸ್ಪತ್ರೆಗೆ.

ಹೆರಿಗೆ ಮಾಡಿಸುವ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರ) ನರ್ಸ್‌ಗಳಿಗೆ, ಉಸಿರಾಡದ ಕೂಸಿಗೆ ಗಾಳಿ ಕೊಡುವ ಬ್ಯಾಗ್-ಮಾಸ್ಕ್‌ನ ಅಭ್ಯಾಸ ಬೇರೆಯೇ ಬೇಕು, ನಿಮಿಷಕ್ಕೆ 40ರಿಂದ 60 ಉಸಿರಿನ ಲಯದಲ್ಲಿ. ಗೊಂಬೆಯ ಎದೆ ಏಳದಿದ್ದರೆ ಬ್ಯಾಗನ್ನು ಜೋರಾಗಿ ಒತ್ತುವುದಲ್ಲ. ಮೊದಲು ಮಾಸ್ಕಿನ ಅಂಚಲ್ಲಿ ಗಾಳಿ ಸೋರುತ್ತಿದೆಯೇ, ಆಮೇಲೆ ಕತ್ತು ಮುಂದೆ ಬಾಗಿದೆಯೇ ನೋಡಿ. ತಾಲ್ಲೂಕಿಗೆ ಒಂದೇ ಗೊಂಬೆ ಇದ್ದರೆ ಪಿಎಚ್‌ಸಿಗಳ ನಡುವೆ ವಾರದ ಸರದಿ ಮಾಡಿ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ರಬ್ಬರು ಅಂಟಿಕೊಳ್ಳುತ್ತದೆ, ಅಷ್ಟೇ ಲಾಭ.

ಆನ್‌ಲೈನ್ ಪಾಠ ನಮೂನೆ ತುಂಬುವುದಕ್ಕೆ, ಲಸಿಕೆ ವೇಳಾಪಟ್ಟಿ ಬದಲಾದದ್ದನ್ನು ತಿಳಿಸುವುದಕ್ಕೆ ಸಾಕು. ಕೈಕೆಲಸಕ್ಕೆ ಬೇಡ.

ದುಡ್ಡಿನ ಮಾತು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಗೆಂದು ಪ್ರಯಾಣದ ಹಣವನ್ನು ಪೂರ್ತಿ ತೆಗೆಯಬೇಡಿ, ಬಸ್ಸು ಹೋಗದ ಊರಿಂದ ಟಂಟಂಗೆ ಕೈಯಿಂದಲೇ ಕೊಡುತ್ತಾರೆ. ದಿನಭತ್ಯೆಯನ್ನಂತೂ ಮುಟ್ಟಲೇಬಾರದು: ಕೆಲಸದ ಲೆಕ್ಕದಲ್ಲಿ ದುಡ್ಡು ಕಾಣುವ ಆಶಾಗೆ ತರಬೇತಿಯ ದಿನವೆಂದರೆ ದುಡಿಮೆ ತಪ್ಪಿದ ದಿನ. ಊಟದ ಬದಲು ಚಹಾ ಸಾಕು, ಬುತ್ತಿ ತರುತ್ತಾರೆ.

ತರಬೇತಿಗೆ ಬರುವ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಹಣವನ್ನು ಒಂದು ಲೆಕ್ಕಶೀರ್ಷಿಕೆಯಿಂದ ಇನ್ನೊಂದಕ್ಕೆ ಜಿಲ್ಲೆಯಲ್ಲೇ ತಿರುಗಿಸಲಾಗದು. ಆದರೆ ಥರ್ಮಾಮೀಟರಿನ ಸೆಲ್ಲು, ಜೆರಾಕ್ಸು, ಉಪ್ಪು ಇಂಥ ಚಿಲ್ಲರೆ ಖರ್ಚನ್ನು ಆಸ್ಪತ್ರೆಯ ಸ್ಥಳೀಯ ಸಮಿತಿಯಾದ ಆರೋಗ್ಯ ರಕ್ಷಾ ಸಮಿತಿಯ ಮುಂದಿಡಬಹುದು. ಏಪ್ರಿಲ್ ಸಭೆಯಲ್ಲೇ ಇಡೀ ವರ್ಷಕ್ಕೆ ಒಂದು ಠರಾವು ಬರೆಸಿ. ಪ್ರತಿ ಸಲ ಸಹಿಗೆ ಅಲೆದರೆ ಮೂರನೇ ತಿಂಗಳಿಗೆ ಅಭ್ಯಾಸ ನಿಲ್ಲುತ್ತದೆ.

ದಾಖಲೆಗೆ ಒಂದು ಹಾಳೆ: ಹೆಸರು, ತೂಕ ಎಷ್ಟು ಓದಿದರು, ಉಸಿರು ಎಷ್ಟು ಎಣಿಸಿದರು. ಒಬ್ಬರದೇ ತಪ್ಪು ಎರಡು ತಿಂಗಳು ಮರುಕಳಿಸಿದರೆ ಆಶಾಗಳ ಕೆಲಸಕ್ಕೆ ನೆರವಾಗುವ ಆಶಾ ಸುಗಮಕಾರರು ಅವರ ಜೊತೆ ಮುಂದಿನ ಬಾಣಂತಿ ಮನೆಗೆ ಹೋಗಲಿ. ಐವರದೂ ಒಂದೇ ತಪ್ಪಾದರೆ ಹೇಳಿಕೊಟ್ಟವರನ್ನೇ ಮೊದಲು ಅಭ್ಯಾಸಕ್ಕೆ ಕೂರಿಸಿ.