ಮೊದಲ ದುಬಾರಿ ಕೈಗಡಿಯಾರ: ಇರುವ ದುಡ್ಡಿನಲ್ಲಿ ಯಾವುದನ್ನು ಕೊಳ್ಳಬೇಕು?

ಮಲ್ಲೇಶ್ವರದಲ್ಲಿರುವ ನಮ್ಮ ಆಡಿಟ್ ಕಚೇರಿಯ ಹುಡುಗ ಹುಡುಗಿಯರು ಮೊದಲ ಬೋನಸ್ ಕೈಗೆ ಬಂದ ಕೂಡಲೇ ನನ್ನ ಮೇಜಿನ ಬಳಿ ಬಂದು ನಿಲ್ಲುವುದು ತೆರಿಗೆ ಉಳಿಸುವ ದಾರಿಯನ್ನು ಕೇಳುವುದಕ್ಕಾಗಿ ಎಂದು ಯಾರಾದರೂ ಊಹಿಸಿದರೆ ಅದು ತಪ್ಪು. ನನ್ನ ಮುಂಗೈಯ ಕಡೆ ಒಮ್ಮೆ ನೋಡಿ, 'ಸರ್, ಒಂದು ಒಳ್ಳೆಯ ವಾಚ್ ತೆಗೆದುಕೊಳ್ಳಬೇಕು ಅಂತ ಇದ್ದೇನೆ, ಯಾವುದು ತೆಗೆದುಕೊಳ್ಳಲಿ?' ಎಂದು ಕೇಳುತ್ತಾರೆ. ಹೋದ ದೀಪಾವಳಿಗೆ ಅಕ್ಕನ ಮಗನೂ ಅದನ್ನೇ ಕೇಳಿದ: 'ಮಾವ, ಎಂಬತ್ತು ಸಾವಿರ ಕೂಡಿಸಿಟ್ಟಿದ್ದೀನಿ. ಇನ್ನೊಂದು ಮೂವತ್ತು ಸೇರಿಸಿದರೆ ದೊಡ್ಡ ಹೆಸರಿನದೇ ಬರುತ್ತಂತೆ. ಇಎಂಐ ಹಾಕಿಸಿಬಿಡಲಾ?' ನಾನು ಗಡಿಯಾರದ ವ್ಯಾಪಾರಿಯಲ್ಲ. ಇಪ್ಪತ್ತು ವರ್ಷಗಳಿಂದ ಕೊಳ್ಳುತ್ತ, ಕೆಲವೊಮ್ಮೆ ಮೋಸಹೋಗುತ್ತ ಬಂದವನು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೂವತ್ತು ಸೇರಿಸಬೇಡ, ಇರುವ ಎಂಬತ್ತರಲ್ಲೇ ಹದಿನೈದು ತೆಗೆದು ಪಕ್ಕಕ್ಕಿಡು ಎಂಬುದೇ ನನ್ನ ಉತ್ತರ. ಗಡಿಯಾರದ ಬೆಲೆ ಅಂಗಡಿಯ ಬಿಲ್ಲಿಗೆ ಮುಗಿಯುವುದಿಲ್ಲ, ಹತ್ತು ವರ್ಷ ಅದನ್ನು ಓಡಿಸಿ ಇಟ್ಟುಕೊಳ್ಳುವ ಖರ್ಚೂ ಅದರ ಬೆಲೆಯೇ. ಆದ್ದರಿಂದ ಯಾವ ಹೆಸರಿನದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು, ಅದು ಕೆಟ್ಟಾಗ ಈ ಊರಿನಲ್ಲಿ ಯಾರು ಅದನ್ನು ಬಿಚ್ಚಿ ಸರಿಪಡಿಸುತ್ತಾರೆ, ಅದಕ್ಕೆ ಎಷ್ಟಾಗುತ್ತದೆ ಎಂಬುದನ್ನು ವಿಚಾರಿಸಬೇಕು.

ಇದು ಅರ್ಥವಾಗಬೇಕಾದರೆ ಗಡಿಯಾರದ ಒಳಗೆ ಏನಿದೆ ಎಂಬುದು ಸ್ವಲ್ಪ ತಿಳಿದಿರಬೇಕು. ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ಗಡಿಯಾರದಲ್ಲಿ ಒಂದು ಸಣ್ಣ ಸ್ಫಟಿಕದ ತುಣುಕು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ, ಮತ್ತು ಆ ಕಂಪನವನ್ನು ಎಣಿಸುವುದರಿಂದ ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡಿಗಿಂತ ಹೆಚ್ಚಿನ ವ್ಯತ್ಯಾಸ ಸಾಮಾನ್ಯವಾಗಿ ಬರುವುದಿಲ್ಲ. ಕೀ ಕೊಡುವ ಗಡಿಯಾರದಲ್ಲಾಗಲಿ, ಕೈಯ ಅಲುಗಾಟದಿಂದ ತಾನೇ ಕೀ ಸುತ್ತಿಕೊಳ್ಳುವ ಆಟೋಮ್ಯಾಟಿಕ್‌ನಲ್ಲಾಗಲಿ ಸುರುಳಿ ಸ್ಪ್ರಿಂಗ್ ಬಿಚ್ಚಿಕೊಳ್ಳುವ ಬಲದಿಂದ ಒಂದು ಪುಟ್ಟ ಚಕ್ರ ಅತ್ತಿತ್ತ ತೂಗುತ್ತದೆ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕ್ರೋನೋಮೀಟರ್ ಎನಿಸಿಕೊಂಡ ಯಂತ್ರಕ್ಕೂ ದಿನಕ್ಕೆ 4 ಸೆಕೆಂಡ್ ಹಿಂದೆ ಅಥವಾ 6 ಸೆಕೆಂಡ್ ಮುಂದೆ ಹೋಗುವ ಸ್ವಾತಂತ್ರ್ಯವಿದೆ. ಅಂದರೆ ನಿಖರತೆಗಾಗಿಯೇ ಹಣ ಕೊಡುವವರು ಲಕ್ಷ ರೂಪಾಯಿಯ ಆಟೋಮ್ಯಾಟಿಕ್ ಕೊಂಡರೆ, ಬೀದಿಬದಿಯ ಸೆಲ್ಲಿನ ವಾಚಿಗೂ ಸೋತಂತೆಯೇ. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಾಗಲೇ ಈ ಸ್ಪರ್ಧೆ ತೀರ್ಮಾನವಾಯಿತು. ಅಲ್ಲಿಂದೀಚೆಗೆ ಸ್ಪ್ರಿಂಗಿನ ಗಡಿಯಾರವನ್ನು ಕೊಳ್ಳುವವರು ಅದರ ಕೆಲಸಗಾರಿಕೆಗೆ, ಕುಸುರಿಗೆ, ಮತ್ತು ಒಂದಿಷ್ಟು ಹೆಮ್ಮೆಗೆ ಹಣ ಕೊಡುತ್ತಾರೆ. ಹಾಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ, ನಾನೂ ಕೊಟ್ಟಿದ್ದೇನೆ. ಆದರೆ ಯಾವುದಕ್ಕೆ ಕೊಡುತ್ತಿದ್ದೇವೆ ಎಂಬುದು ಗೊತ್ತಿದ್ದು ಕೊಡಬೇಕು.

ಈಗ ಖರ್ಚಿನ ವಿಷಯಕ್ಕೆ ಬರೋಣ. ಇಂದಿನ ಹೆಚ್ಚಿನ ಆಟೋಮ್ಯಾಟಿಕ್‌ಗಳಲ್ಲಿ ಆ ಚಕ್ರ ಗಂಟೆಗೆ 21,600 ಅಥವಾ 28,800 ಬಾರಿ ತೂಗುತ್ತದೆ. ನಿಧಾನದ್ದನ್ನೇ ಲೆಕ್ಕ ಹಾಕಿದರೂ ದಿನಕ್ಕೆ ಐದು ಲಕ್ಷಕ್ಕೂ ಹೆಚ್ಚು ಬಾರಿ. ಸಾಸಿವೆ ಕಾಳಿಗಿಂತ ಚಿಕ್ಕದಾದ ಎಣ್ಣೆಯ ಹನಿಗಳು ಆ ಉಜ್ಜಾಟವನ್ನು ತಡೆದುಕೊಳ್ಳುತ್ತಿರುತ್ತವೆ. ವರ್ಷಗಳು ಕಳೆದಂತೆ ಎಣ್ಣೆ ಆರುತ್ತದೆ, ಆರಿದ ಮೇಲೆ ಲೋಹ ಸವೆಯುತ್ತದೆ, ಆದ್ದರಿಂದ ಸುಮಾರು ಐದಾರು ವರ್ಷಕ್ಕೊಮ್ಮೆ ಯಂತ್ರವನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಎಣ್ಣೆ ಹಾಕಿ ಜೋಡಿಸಬೇಕಾಗುತ್ತದೆ. ಕಾರಿಗೆ ಸರ್ವಿಸ್ ಬೇಕು ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಗಡಿಯಾರಕ್ಕೂ ಬೇಕು ಎಂದರೆ ಮಾತ್ರ ಎಲ್ಲರೂ ಹುಬ್ಬೇರಿಸುತ್ತಾರೆ.

ನಾನೂ ಹಾಗೆ ಹುಬ್ಬೇರಿಸಿದವನೇ. ಹನ್ನೆರಡು ವರ್ಷದ ಹಿಂದೆ ಪರಿಚಿತರೊಬ್ಬರ ಮೂಲಕ, ಮೂರು ಸಣ್ಣ ಡಯಲ್‌ಗಳಿರುವ ಒಂದು ಕ್ರೋನೋಗ್ರಾಫ್, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಗಡಿಯಾರ, ಅರವತ್ತೆರಡು ಸಾವಿರಕ್ಕೆ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು. ಹೊಸದರ ಅರ್ಧ ಬೆಲೆಗೆ ಬಂತೆಂದು ಒಂದು ವಾರ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಎಂಟು ತಿಂಗಳಿಗೆ ಸೆಕೆಂಡಿನ ಮುಳ್ಳು ನಡುದಾರಿಯಲ್ಲಿ ನಿಲ್ಲತೊಡಗಿತು. ಸ್ಟಾಪ್‌ವಾಚ್ ಯಂತ್ರದಲ್ಲಿ ಬಿಡಿಭಾಗಗಳು ಹೆಚ್ಚು, ಬಿಚ್ಚಿ ಜೋಡಿಸುವ ಸಮಯವೂ ಹೆಚ್ಚು; ಸರ್ವಿಸ್ ಸೆಂಟರಿನಲ್ಲಿ ಇಪ್ಪತ್ತೊಂದು ಸಾವಿರದ ಎಸ್ಟಿಮೇಟ್ ಬರೆದುಕೊಟ್ಟರು. ಗಾಂಧಿ ಬಜಾರಿನ ಕಡೆಯ ಹಳೆಯ ರಿಪೇರಿಯವರೊಬ್ಬರ ಬಳಿ ಒಯ್ದಾಗ ಅವರು ಹಿಂದಿನ ಮುಚ್ಚಳ ತೆಗೆದು, ಕಣ್ಣಿನ ಭೂತಗನ್ನಡಿಯಿಂದ ಒಂದು ನಿಮಿಷ ನೋಡಿ, 'ಇದನ್ನು ನಾನು ಮುಟ್ಟೋದಿಲ್ಲ ಸ್ವಾಮಿ, ಪಾರ್ಟ್ಸ್ ಸಿಗೋದಿಲ್ಲ' ಎಂದು ಮುಚ್ಚಳ ಹಾಕಿ ಹಿಂತಿರುಗಿಸಿದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ. ಅಂದಿನಿಂದ ಮೊದಲ ಬಾರಿ ಕೊಳ್ಳುವವರಿಗೆಲ್ಲ ನಾನು ಹೇಳುವುದು, ಮೂರು ಮುಳ್ಳು ಮತ್ತು ಬೇಕಿದ್ದರೆ ಒಂದು ತಾರೀಖು, ಅಷ್ಟೇ ಇರುವ ಗಡಿಯಾರವನ್ನು ಕೊಳ್ಳಿ ಎಂದು. ಚಂದ್ರನ ಕಲೆ, ಸ್ಟಾಪ್‌ವಾಚ್, ಎರಡನೆಯ ದೇಶದ ಸಮಯ ಇವೆಲ್ಲ ಮೂರನೆಯ ಗಡಿಯಾರಕ್ಕಿರಲಿ.

ಯಂತ್ರವನ್ನು ತಾವೇ ತಯಾರಿಸುತ್ತೇವೆ ಎಂಬ ಜಾಹೀರಾತಿಗೆ ಮರುಳಾಗುವವರು ಇದನ್ನೂ ಯೋಚಿಸಬೇಕು. ಸ್ವಿಟ್ಜರ್ಲೆಂಡಿನ ಇಟಿಎ, ಸೆಲಿಟಾ, ಜಪಾನಿನ ಮಿಯೋಟಾ ಮುಂತಾದವು ಹತ್ತಾರು ಬ್ರ್ಯಾಂಡುಗಳಿಗೆ ಯಂತ್ರಗಳನ್ನು ಒದಗಿಸುತ್ತವೆ. ಅಂಥ ಸಾಮಾನ್ಯ ಯಂತ್ರವಿರುವ ಗಡಿಯಾರವನ್ನು ಬಲ್ಲ ರಿಪೇರಿಯವರು ಬೆಂಗಳೂರಿನಲ್ಲಿ ಸಿಗುತ್ತಾರೆ, ಬಿಡಿಭಾಗಗಳೂ ದೊರೆಯುತ್ತವೆ. 2018ರಿಂದ ನಮ್ಮ ಊರಿನಲ್ಲೇ ಮಿಗ್-21 ವಿಮಾನ, ಬಾಹ್ಯಾಕಾಶ ಯಾನ, ಕ್ರಿಕೆಟ್ ಇವುಗಳ ಛಾಯೆಯಲ್ಲಿ ಗಡಿಯಾರಗಳನ್ನು ರೂಪಿಸುತ್ತಿರುವ ಬ್ಯಾಂಗಲೋರ್ ವಾಚ್ ಕಂಪನಿಯ ಬಗ್ಗೆಯೂ ಹಲವರು ಕೇಳುತ್ತಾರೆ. ಇಂಥ ಚಿಕ್ಕ ಸಂಸ್ಥೆಗಳು ಸಾಮಾನ್ಯವಾಗಿ ಯಂತ್ರವನ್ನು ಹೊರಗಿನಿಂದ ತರಿಸುತ್ತವೆ ಎಂಬುದನ್ನು ಕೆಲವರು ಕೊರತೆಯೆಂದು ಹೇಳಿದರೆ, ನನ್ನ ಲೆಕ್ಕದಲ್ಲಿ ಅದು ಅನುಕೂಲ.

ಹಾಗಾದರೆ ಹೆಸರು ಹೇಳಿ ಎನ್ನುವವರಿಗೆ, ಲಕ್ಷದೊಳಗೆ ನಾನು ಮತ್ತೆ ಮತ್ತೆ ತೋರಿಸುವುದು ಮೂರನ್ನು. ಟಿಸೋ ಸಂಸ್ಥೆಯ ಪಿಆರ್‌ಎಕ್ಸ್: 1978ರ ವಿನ್ಯಾಸವನ್ನು 2021ರಲ್ಲಿ ಮರಳಿ ತಂದದ್ದು, ಕ್ವಾರ್ಟ್ಜ್‌ನಲ್ಲೂ ಸಿಗುತ್ತದೆ, ಒಮ್ಮೆ ಪೂರ್ತಿ ಕೀ ತುಂಬಿದರೆ 80 ಗಂಟೆ ಓಡುವ ಆಟೋಮ್ಯಾಟಿಕ್‌ನಲ್ಲೂ ಸಿಗುತ್ತದೆ, ಆದರೆ ಉಕ್ಕಿನ ಪಟ್ಟಿ ಕೇಸಿಗೇ ಕೂಡಿಕೊಂಡಿರುವುದರಿಂದ ಸಾಮಾನ್ಯ ಚರ್ಮದ ಪಟ್ಟಿಗಳನ್ನು ಅದಕ್ಕೆ ಹಾಕಲಾಗುವುದಿಲ್ಲ. ಹ್ಯಾಮಿಲ್ಟನ್‌ನ ಖಾಕಿ ಫೀಲ್ಡ್ ಮೆಕ್ಯಾನಿಕಲ್: ಸೈನಿಕರ ಗಡಿಯಾರದ ಸರಳ ರೂಪ, 38 ಮಿಲಿಮೀಟರ್, ದಿನವೂ ಕೀ ಕೊಡುವ ಸುಖ ಬಯಸುವವರಿಗೆ. ಸೈಕೋ ಪ್ರೆಸಾಜ್‌ನ ಕಾಕ್‌ಟೇಲ್ ಸಾಲು: ಈ ಬೆಲೆಯಲ್ಲಿ ಅದರ ಡಯಲ್‌ನಷ್ಟು ಚೆಲುವಾದದ್ದನ್ನು ನಾನು ಸ್ವಿಸ್ ಗಡಿಯಾರಗಳಲ್ಲಿ ಕಂಡಿಲ್ಲ, ಆದರೆ ಅದರ ಗಾಜು ಗಟ್ಟಿಗೊಳಿಸಿದ ಖನಿಜ ಗಾಜು, ಸಫೈರ್ ಅಲ್ಲ. ಗಾಜಿನ ಮಾತು ಸಣ್ಣದಲ್ಲ: ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣದ ಗಡಸುತನ ಮೋಸ್ ಎಂಬ, 1ರಿಂದ 10ರವರೆಗಿನ ಮಾಪನದಲ್ಲಿ 7, ಸಫೈರಿನದು 9, ಸಾಧಾರಣ ಗಾಜಿನದು 7ಕ್ಕಿಂತ ಕೆಳಗೆ. ಬಿಎಂಟಿಸಿ ಬಸ್ಸಿನ ಕಂಬಿಗೆ, ಮೆಟ್ರೋ ಕಾಮಗಾರಿಯ ಧೂಳಿಗೆ ದಿನವೂ ಒಡ್ಡಿಕೊಳ್ಳುವ ಕೈಗೆ ಸಫೈರ್ ಗಾಜೇ ಬೇಕೆಂದು ನಾನು ಹಟ ಹಿಡಿಯುತ್ತೇನೆ.

ಅಕ್ಕನ ಮಗ ಹೇಳಿದ 'ಇನ್ನೊಂದು ಮೂವತ್ತು ಸಾವಿರ' ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಎದುರಾಗುವ ಏಣಿಯ ಮೆಟ್ಟಿಲು. ಲಾಂಜಿನ್ಸ್ ಸಾಮಾನ್ಯವಾಗಿ ಲಕ್ಷದಿಂದ ಮೇಲೆ ಆರಂಭವಾಗುತ್ತದೆ. ಲಕ್ಷ ದಾಟಿದವರಿಗೆ ಒಮೇಗಾ ದೂರವೆನಿಸುವುದಿಲ್ಲ. ಈ ಮೆಟ್ಟಿಲುಗಳ ಹಿಂದಿರುವ ಒಂದು ಸಂಗತಿ ಹಲವರಿಗೆ ಗೊತ್ತಿರುವುದಿಲ್ಲ: ಟಿಸೋ, ಹ್ಯಾಮಿಲ್ಟನ್, ರಾಡೋ, ಲಾಂಜಿನ್ಸ್, ಒಮೇಗಾ ಎಲ್ಲವೂ ಒಂದೇ ಸ್ವಾಚ್ ಸಮೂಹದವು. ಮನೆ ಒಂದೇ, ಮಹಡಿಗಳು ಬೇರೆ. ಮೇಲಿನ ಮಹಡಿಯ ಅತಿ ಅಗ್ಗದ ಮಾದರಿಯನ್ನು ಸಾಲ ಮಾಡಿ ಕೊಳ್ಳುವುದಕ್ಕಿಂತ ಕೆಳಗಿನ ಮಹಡಿಯ ಉತ್ತಮ ಮಾದರಿಯನ್ನು ನಗದು ಕೊಟ್ಟು ಕೊಳ್ಳುವುದು ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ. 'ಸ್ವಿಸ್ ಮೇಡ್' ಎಂಬ ಬರಹಕ್ಕೂ ಅತಿಯಾದ ಭಕ್ತಿ ಬೇಡ. ಯಂತ್ರ ಸ್ವಿಸ್ ಆಗಿರಬೇಕು, ಜೋಡಣೆ ಮತ್ತು ಅಂತಿಮ ಪರೀಕ್ಷೆ ಅಲ್ಲೇ ಆಗಬೇಕು, 2017ರಿಂದೀಚೆಗೆ ತಯಾರಿಕಾ ವೆಚ್ಚದ ಕನಿಷ್ಠ ಶೇ. 60 ಅಲ್ಲಿಯದಾಗಿರಬೇಕು ಎಂಬುದು ನಿಯಮ, ಉಳಿದ ಶೇ. 40 ಎಲ್ಲಿಂದ ಬಂತೆಂದು ಆಡಿಟ್ ಮಾಡುವವನಿಗೆ ಕುತೂಹಲವಾಗದೆ ಇರುವುದಿಲ್ಲ.

ಸುಂಕ ಇಳಿಯುತ್ತದಂತೆ, ಕಾಯಲೇ ಎಂದು ಕೇಳುವವರೂ ಇದ್ದಾರೆ. ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ಐರೋಪ್ಯ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿರುವುದು ನಿಜ, ಸ್ವಿಸ್ ಗಡಿಯಾರಗಳ ಆಮದು ಸುಂಕ ಹಂತಹಂತವಾಗಿ ಇಳಿಯಬೇಕಾಗಿರುವುದೂ ನಿಜ. ಆದರೆ ಕಂಪನಿಗಳು ವರ್ಷಕ್ಕೊಮ್ಮೆ ಬೆಲೆ ಏರಿಸುವುದನ್ನು ಮರೆಯುವುದಿಲ್ಲವಾದ್ದರಿಂದ, ಆ ಲಾಭಕ್ಕಾಗಿ ಕಾಯುತ್ತ ಕೂರಲು ನಾನು ಹೇಳುವುದಿಲ್ಲ.

ನೀರಿನ ವಿಷಯದಲ್ಲಿ ಮೋಸಹೋಗದವರೇ ಕಡಿಮೆ. ಹಿಂಭಾಗದಲ್ಲಿ '30 ಮೀಟರ್' ಎಂದು ಕೆತ್ತಿದ್ದರೆ ಮೂವತ್ತು ಮೀಟರ್ ಆಳಕ್ಕೆ ಧುಮುಕಬಹುದು ಎಂದು ಅರ್ಥವಲ್ಲ. ಅದು ಪ್ರಯೋಗಾಲಯದಲ್ಲಿ ಅಲುಗಾಡದ ಸ್ಥಿತಿಯಲ್ಲಿ ತಡೆದ ಒತ್ತಡದ ಅಳತೆ, ದಿನಬಳಕೆಯಲ್ಲಿ ಕೈ ತೊಳೆಯುವಾಗ ಸಿಡಿಯುವ ಹನಿಗೆ ಮಾತ್ರ ಸಾಕು. ಮೇ ತಿಂಗಳ ಒಂದು ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸ್ಕೂಟರಿನಲ್ಲಿ ಸಿಕ್ಕಿಹಾಕಿಕೊಂಡು ನೆನೆದು ಮನೆಗೆ ಬಂದಾಗ, ನನ್ನ 30 ಮೀಟರಿನ ತೆಳು ಗಡಿಯಾರದ ಗಾಜಿನ ಒಳಗೆ ಇಡ್ಲಿ ಪಾತ್ರೆಯ ಮುಚ್ಚಳದಂತೆ ಹಬೆ ಕೂತಿತ್ತು. ಬೆಳಿಗ್ಗೆ ಸಮಯ ಹೊಂದಿಸಿ ಗುಂಡಿಯನ್ನು ಪೂರ್ತಿ ಒತ್ತದೆ ಬಿಟ್ಟದ್ದು ನನ್ನದೇ ತಪ್ಪು. ದ್ವಿಚಕ್ರ ವಾಹನದಲ್ಲಿ ಓಡಾಡುವವರು 100 ಮೀಟರಿನದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಅಳತೆಯನ್ನು ಫೋಟೋ ನೋಡಿ ನಿರ್ಧರಿಸಬೇಡಿ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ಅಂಗಡಿಗಳಿಗೆ ಕೊರತೆಯಿಲ್ಲ. ಒಂದು ದಿನ ಬರೀ ಕಟ್ಟಿ ನೋಡುವುದಕ್ಕೇ ಹೋಗಿ, ಕಾರ್ಡನ್ನು ಮನೆಯಲ್ಲೇ ಬಿಟ್ಟು. ಡಯಲ್‌ನ ಅಗಲಕ್ಕಿಂತ, ಪಟ್ಟಿ ಸಿಕ್ಕಿಸುವ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದ ಮುಖ್ಯ. ಆ ಕಿವಿಗಳು ಮಣಿಕಟ್ಟಿನಿಂದ ಹೊರಗೆ ಚಾಚಿಕೊಂಡರೆ ಎಷ್ಟೇ ಬೆಲೆಯ ಗಡಿಯಾರವೂ ಎರವಲು ತಂದದ್ದರಂತೆ ಕಾಣುತ್ತದೆ. ಅಂಗಿಯ ತೋಳನ್ನು ಇಳಿಸಿ ಅದು ಒಳಗೆ ಸರಿಯುತ್ತದೆಯೇ ನೋಡಿ.

ಕೊಳ್ಳುವುದು ಎಲ್ಲಿ ಎಂಬುದಕ್ಕೆ, ಮೊದಲನೆಯದಾದರೆ ಅಧಿಕೃತ ಅಂಗಡಿಯಲ್ಲಿ, ಹೊಸದನ್ನು. 'ಫಸ್ಟ್ ಕಾಪಿ' ಎಂಬ ನಕಲಿಯ ಬಗ್ಗೆ ನನ್ನ ಬಳಿ ಯಾರೂ ಎರಡನೆಯ ಸಲ ಮಾತೆತ್ತಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಚೆನ್ನಾಗಿದೆ, ಆದರೆ ಕಣ್ಣು ಪಳಗಿದವರಿಗೆ. ಹಳೆಯ ಸೈಕೋ, ಫಾವ್ರ್ ಲೂಬಾ, ಎಚ್‌ಎಂಟಿ ಗಡಿಯಾರಗಳಿಗೆ ಹೊಸ ಬಣ್ಣದ ಡಯಲ್ ಅಚ್ಚುಹಾಕಿ, ಕೇಸನ್ನು ಉಜ್ಜಿ ಮಿಂಚಿಸಿ, 'ಅಪರೂಪದ ವಿಂಟೇಜ್' ಎಂದು ಮಾರುವ ದಂಧೆ ಜೋರಾಗಿದೆ. 1961ರಲ್ಲಿ ಸಿಟಿಜನ್ ಸಹಯೋಗದಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಜನತಾ ಮಾದರಿಯ ಮೇಲೆ ನನಗೂ ಮಮತೆ ಇದೆ, ನಮ್ಮ ತಂದೆಯವರದು ಇಂದಿಗೂ ಕೀ ಕೊಟ್ಟರೆ ಓಡುತ್ತದೆ. ಆದರೆ ಹಳೆಯ ಜನತಾ ಎಂದು ಮಾರುವುದರಲ್ಲಿ ಗಿಳಿಹಸಿರು ಡಯಲ್ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ.

ಹೂಡಿಕೆಯಾಯಿತು ಎಂದು ಮನೆಯವರನ್ನು ಒಪ್ಪಿಸುವ ಪ್ರಯತ್ನವನ್ನೂ ಬಿಡಿ. ಕೆಲವು ರೋಲೆಕ್ಸ್ ಮಾದರಿಗಳಂಥ ಬೆರಳೆಣಿಕೆಯ ಅಪವಾದ ಬಿಟ್ಟರೆ, ಅಂಗಡಿಯ ಬಾಗಿಲು ದಾಟುತ್ತಲೇ ಗಡಿಯಾರಕ್ಕೆ ಸವಕಳಿ ಶುರು.

ಕೊನೆಗೆ ನಮ್ಮ ಹುಡುಗ ಮೂರು ಶನಿವಾರ ಅಲೆದು, ಆಟೋಮ್ಯಾಟಿಕ್ ಬೇಡವೆಂದು ನಿರ್ಧರಿಸಿ, 35 ಮಿಲಿಮೀಟರಿನ ಕ್ವಾರ್ಟ್ಜ್ ಪಿಆರ್‌ಎಕ್ಸ್ ಕೊಂಡ. ವಾರಕ್ಕೆರಡು ದಿನ ಮಾತ್ರ ಕಟ್ಟುವವನಿಗೆ ಪ್ರತಿ ಶನಿವಾರ ನಿಂತುಹೋದ ಗಡಿಯಾರಕ್ಕೆ ಸಮಯ ಹೊಂದಿಸುವ ಸಹನೆ ಇಲ್ಲವಂತೆ. ಗಾಜು ಸಫೈರ್, ನೀರಿಗೆ 100 ಮೀಟರ್, ಕೆಲವು ವರ್ಷಕ್ಕೊಮ್ಮೆ ಒಂದು ಸೆಲ್ಲು. ಎಂಬತ್ತರಲ್ಲಿ ಅರ್ಧದಷ್ಟು ಉಳಿದೇ ಬಿಟ್ಟಿತು. ನಾನು ಜೊತೆಗೆ ಹೋಗಿ ಮಾಡಿದ್ದು ಎರಡೇ ಕೆಲಸ. ವಾರಂಟಿ ಕಾರ್ಡಿನ ಮೇಲೆ ತಾರೀಖು ಮತ್ತು ಅಂಗಡಿಯ ಮೊಹರು ಬಿದ್ದಿದೆಯೇ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕೇಸಿನ ಹಿಂಭಾಗದ್ದಕ್ಕೆ ಹೊಂದುತ್ತದೆಯೇ ಎಂದು ನೋಡಿದೆ. ಅವನ ಕೈಗೆ ಸಡಿಲವಾಗಿದ್ದ ಪಟ್ಟಿಯಿಂದ ತೆಗೆದ ನಾಲ್ಕು ಕೊಂಡಿಗಳನ್ನು ಹುಡುಗ ಮೇಜಿನ ಮೇಲೇ ಬಿಟ್ಟು ಎದ್ದಾಗ, ಅವನ್ನು ಕೇಳಿ ಪಡೆದು ಪೊಟ್ಟಣ ಕಟ್ಟಿಸಿ ಅವನ ಜೇಬಿಗೆ ಹಾಕಿದೆ. ಮದುವೆಯಾದ ಮೇಲೆ ಬೇಕಾಗುತ್ತವೆ.