ಇಸಿಜಿ ನಾರ್ಮಲ್ ಅಲ್ವಾ?

"ಇಸಿಜಿ ನಾರ್ಮಲ್ ಅಲ್ವಾ? ಹಾಗಾದ್ರೆ ನಾಲ್ಕು ಗಂಟೆ ಕಾಲ್‌ಗೆ ಬರ್ತಾನಾ?"

ಮಂಗಳವಾರ ನಮ್ಮ ಮ್ಯಾನೇಜರ್ ಫೋನಿನಲ್ಲಿ ಕೇಳಿದ್ದು. ವಾರ ಮುಗಿಯುತ್ತಾ ಬಂದರೂ ಕಿವಿಯಿಂದ ಹೋಗಿಲ್ಲ.

ಪಕ್ಕದ ಸೀಟಿನ ಹುಡುಗನಿಗೆ ಇನ್ನೂ ಮೂವತ್ತು ತುಂಬಿಲ್ಲ. ಊಟ ಮುಗಿಸಿ ಕೂತವನಿಗೆ ಎಡ ಎದೆಯಲ್ಲಿ ಚುಚ್ಚಿದ ಹಾಗಾಯ್ತು. ಉಸಿರೆಳೆದರೆ ಜಾಸ್ತಿ. ನಿಂತಿತು, ಮತ್ತೆ ಬಂತು. ಸುತ್ತ ಇದ್ದವರೆಲ್ಲ ಡಾಕ್ಟರಾದರು. "ಗ್ಯಾಸ್ ಕಣೋ, ಸೋಡಾ ಕುಡಿ." ಅವನು ಹಾಸನದವನು. 2025ರ ಜೂನ್, ಜುಲೈನಲ್ಲಿ ಅಲ್ಲಿಯ ಹೃದಯಾಘಾತದ ಸುದ್ದಿ ದಿನಾ ಟಿವಿಯಲ್ಲಿ ಬಂತಲ್ಲ, ಆವಾಗಿನಿಂದ ಇವನು ಕೆಮ್ಮಿದರೂ ಅವರಮ್ಮನಿಗೆ ನಿದ್ದೆ ಇಲ್ಲ. ಕೊನೆಗೆ ಸೆಕ್ಯೂರಿಟಿಯವರೇ ಆಟೋ ನಿಲ್ಲಿಸಿದರು. "ಗ್ಯಾಸೋ ಏನೋ ಅಲ್ಲಿ ಹೇಳ್ತಾರೆ, ಹತ್ತಿ ಸರ್." ಆ ಫ್ಲೋರಿನಲ್ಲಿ ಬುದ್ಧಿ ಇದ್ದದ್ದು ಅವರೊಬ್ಬರಿಗೇ.

ಆಸ್ಪತ್ರೆಯಲ್ಲಿ ಇಸಿಜಿ ಆಯ್ತು. ಟ್ರೋಪೊನಿನ್ ರಕ್ತಪರೀಕ್ಷೆ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಬೇಕಂತೆ. ಹೃದಯಕ್ಕೆ ಪೆಟ್ಟಾಗಿದ್ದರೂ ಮೊದಲನೆಯದರಲ್ಲಿ ಕಾಣದೇ ಇರಬಹುದು. ಹಾಗೆ ಕಾಯುತ್ತಿದ್ದಾಗಲೇ ಆ ಫೋನು. ಮ್ಯಾನೇಜರ್ ಕೆಟ್ಟವರೇನಲ್ಲ. ಅವರೂ ಬಿಪಿ ಮಾತ್ರೆ ನುಂಗಿಕೊಂಡೇ ಕಾಲ್‌ಗೆ ಕೂರುವವರು. ನನಗೆ ಸಿಟ್ಟು ಬಂದದ್ದು ಹುಡುಗನ ಮೇಲೆ. ಬೆಂಚಿನ ಮೇಲೆ ಕೂತು, ಕ್ಯಾಮೆರಾ ಆಫ್ ಮಾಡಿ, ಕಾಲ್‌ಗೆ ಸೇರಿಯೇಬಿಟ್ಟ!

ಎರಡನೇ ರಿಪೋರ್ಟೂ ಚೆನ್ನಾಗಿತ್ತು. ಡಾಕ್ಟರಮ್ಮ ಎದೆಮೂಳೆಯ ಪಕ್ಕ ಬೆರಳಿಟ್ಟು ಒತ್ತಿದರು. "ಅಯ್ಯೋ" ಅಂದ. ಪಕ್ಕೆಲುಬು ಸೇರುವ ಕಡೆ ಊತ, ಹೃದಯದ್ದಲ್ಲ ಅಂದರು. ಎದೆ ಹಿಂಡಿದ ಹಾಗಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಬೆವರು ಕಿತ್ತುಬಂದರೆ, ಮೆಟ್ಟಿಲು ಹತ್ತುವಾಗ ಹೆಚ್ಚಾದರೆ ಒಂದು ಕ್ಷಣವೂ ಕಾಯಬಾರದಂತೆ. ಆಮೇಲೆ ಬಿಪಿ ನೋಡಿ ಮುಖ ಗಂಭೀರ ಮಾಡಿಕೊಂಡರು. 148/94. "ದಿನಕ್ಕೆ ಎಷ್ಟು ಹೊತ್ತು ಕೂತಿರ್ತೀರಿ?" ಹುಡುಗ ನನ್ನ ಮುಖ ನೋಡಿದ.

2021ರ ಅಕ್ಟೋಬರ್‌ನಲ್ಲಿ ಪುನೀತ್ 46ಕ್ಕೇ ಹೋದಾಗ ನಮ್ಮವರಲ್ಲಿ ಎಷ್ಟೋ ಜನ ಜಿಮ್ ಬಿಟ್ಟರು. ಕುರ್ಚಿ ಬಿಟ್ಟವರನ್ನು ನಾನಂತೂ ನೋಡಲಿಲ್ಲ. ಹಾಸನದ ಸುದ್ದಿ ಬಂದಾಗ ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರದ ಸಮಿತಿ, ಸಾವು ವಿಪರೀತ ಏರಿಲ್ಲ ಅಂದ ಮೇಲೆ ಎಲ್ಲರೂ ನಿರಾಳ. ಹೆದರಿಕೆಯೂ ಬೇಗ, ಮರೆವೂ ಬೇಗ.

ಹುಡುಗ ಮನೆಗೆ "ಮೂಳೆ ನೋವಮ್ಮಾ" ಅಂದಿದ್ದಾನೆ. ಬಿಪಿ ವಿಷಯ ಎತ್ತಿಲ್ಲ. ಮುಂದಿನ ವಾರ ಮತ್ತೆ ನೋಡಿಸಬೇಕು, ಅವತ್ತೇ ಆಫೀಸಿನ ಪ್ರಾಜೆಕ್ಟ್ ರಿಲೀಸ್ ಇದೆ ಅಂತಾನೆ. ಇವತ್ತು ಅವನ ಜೊತೆ ಜಗಳ ಆಡಿಯೇ ಮನೆಗೆ ಬಂದೆ.