ಬೆಂಗುಳೂರ ಕಾಳೆಗ ಹುಡುಕಿ ಬೇಗೂರಿಗೆ

ಹೊಂಗಸಂದ್ರ ಮೆಟ್ರೊ ನಿಲ್ದಾಣದ ಕೆಳಗೆ ಆಟೊ ನಿಲ್ಲಿಸಿ, ‘ಬೇಗೂರಲ್ಲಿ ಶಾಸನ ಇದೆಯಲ್ಲ, ಅಲ್ಲಿಗೆ’ ಅಂದೆ.

‘ಶಾಸಕರ ಆಫೀಸಾ ಸಾರ್?’

‘ಅಲ್ಲಪ್ಪ, ಕಲ್ಲು. ಪಂಚಲಿಂಗೇಶ್ವರ ದೇವಸ್ಥಾನದಲ್ಲಿರೋದು.’

‘ಹಂಗನ್ನಿ ಮತ್ತೆ!’ ಅಂದವನೇ ಮೀಟರ್ ಹಾಕದೆ ಹೊರಟ. ಕಲ್ಲಿನ ಉತ್ಸಾಹದಲ್ಲಿ ನಾನೂ ಕೇಳಲಿಲ್ಲ.

ಬೇಗೂರು ರಸ್ತೆಯಲ್ಲಿ ನೀರಿನ ಟ್ಯಾಂಕರ್, ಪಿಜಿ ಬೋರ್ಡು, ಟೈಲ್ಸ್ ಅಂಗಡಿ, ಮತ್ತೆ ನೀರಿನ ಟ್ಯಾಂಕರ್. ಹನ್ನೊಂದು ಶತಮಾನ ಹಿಂದಿನ ಹೊಡೆದಾಟವೊಂದರ ಜಾಡು ಹಿಡಿದು ಹೋಗುತ್ತಿದ್ದೇನೆ ಅಂತ ನನಗೇ ನಂಬಿಕೆ ಬರುತ್ತಿರಲಿಲ್ಲ. ಚಾಲಕ ಮಾತ್ರ ದಾರಿಯುದ್ದಕ್ಕೂ ಊರಿನ ಹೆಮ್ಮೆ ಹೇಳುತ್ತಿದ್ದ: ‘ಬೆಂಗಳೂರಿಗೆ ಹೆಸರು ಬಂದಿದ್ದೇ ನಮ್ಮೂರಿಂದ ಸಾರ್.’

ಅಷ್ಟರಮಟ್ಟಿಗೆ ಅಲ್ಲ, ಆದರೆ ಪೂರ್ತಿ ಸುಳ್ಳೂ ಅಲ್ಲ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಅಂತ ಶಾಲೆಯಲ್ಲಿ ಕಲಿತವರು ನಾವು. ಕೆಂಪೇಗೌಡರು ಪೇಟೆ ಕಟ್ಟಿಸಿದ್ದು 1537ರಲ್ಲಿ. ಬೇಗೂರಿನ ಕಲ್ಲು ಸುಮಾರು ಕ್ರಿ.ಶ. 890ರದು. ಬಲ್ಲಾಳನೂ ಹುಟ್ಟಿರಲಿಲ್ಲ, ಅಜ್ಜಿಯ ಒಲೆಯೂ ಹೊತ್ತಿರಲಿಲ್ಲ. ಆಗಲೇ ‘ಬೆಂಗುಳೂರ ಕಾಳೆಗ’ ನಡೆದುಹೋಗಿತ್ತು. ಅದರಲ್ಲಿ ನಾಗತ್ತರನೆಂಬ ಅಧಿಕಾರಿಯ ಮನೆಯ ಕಡೆಯವರು ಸತ್ತರು. ಊರಿನ ಹೆಸರು ಬರವಣಿಗೆಗೆ ಬಂದದ್ದು ಆ ಸಾವಿನ ನೆಪದಲ್ಲಿ.

ಗುಡಿಯಲ್ಲಿ ಭಾನುವಾರದ ಜನ. ಇಲ್ಲಿನ ನಾಗೇಶ್ವರ, ನಗರೇಶ್ವರ ಗುಡಿಗಳು ಗಂಗರ ಕಾಲದವು. ಕೈಮುಗಿದು ಹೊರಬಂದು ಹೂ ಮಾರುವ ಅಜ್ಜಿಯನ್ನು ಕಲ್ಲಿನ ಬಗ್ಗೆ ಕೇಳಿದೆ. ‘ಬೆಂಗಳೂರು ಕಲ್ಲಾ? ಹಿಂಗೇ ಹೋಗಿ’ ಅಂದರು. ಯುದ್ಧದ ಕಲ್ಲು ಅನ್ನಲಿಲ್ಲ, ವೀರಗಲ್ಲು ಅನ್ನಲಿಲ್ಲ. ಕಾಳೆಗ ಉದುರಿಹೋಗಿ ಬೆಂಗಳೂರು ಮಾತ್ರ ಉಳಿದಿದೆ.

ಕಲ್ಲಿನ ಮುಂದೆ ನಿಂತಾಗ ಮೊದಲು ಆದದ್ದು ನಿರಾಸೆ. ಬರೀ ಗುಳಿ, ಗೀರು. ನನ್ನ ಹಿಂದೆಯೇ ಬಂದಿದ್ದ ಆರೇಳನೇ ಕ್ಲಾಸಿನ ಹುಡುಗನೊಬ್ಬ, ‘ಅಂಕಲ್, ಮೊಬೈಲ್ ಕೊಡಿ’ ಅಂತ ಇಸಕೊಂಡು ಟಾರ್ಚ್ ಹಾಕಿ, ನೇರಕ್ಕೆ ಹಿಡಿಯದೆ ಕಲ್ಲಿನ ಅಂಚಿಗೆ ಒರಗಿಸಿ ಹಿಡಿದ. ಗುಳಿಗಳಲ್ಲಿ ನೆರಳು ತುಂಬಿಕೊಂಡು ಸಾಲುಗಳು ಎದ್ದು ಕೂತವು. ಫೋಟೊ ತೆಗೆಯೋಕೆ ಬಂದವರಿಂದ ಕಲಿತದ್ದಂತೆ. ಕನ್ನಡವೇ ಆದರೂ ನನಗೆ ಓದಲಾಗಲಿಲ್ಲ. ಒಂದೆರಡು ಅಕ್ಷರ ಮಾತ್ರ ಊಹೆಗೆ ಸಿಕ್ಕವು. ಬೆರಳಿಡಲು ಹೋಗಿ ಕೈ ಹಿಂದೆಗೆದೆ.

ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಹಿಂದೊಮ್ಮೆ ನೋಡಿದ್ದ ಇನ್ನೊಂದು ಬೇಗೂರು ಕಲ್ಲು ನೆನಪಾಯಿತು. ಅದು ನಾಗತ್ತರನದೇ. ವೀರಮಹೇಂದ್ರನೆಂಬ ಎದುರಾಳಿಯ ವಿರುದ್ಧ ತುಂಬೆಪಾಡಿಯಲ್ಲಿ ಆನೆಗಳ ಜೊತೆ ಸೆಣಸಿ ಅವನು ಸತ್ತ. ಸುದ್ದಿ ತಿಳಿದ ಗಂಗರ ದೊರೆ ಎರೆಯಪ್ಪ, ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೇಗೂರು ಸೇರಿ ಹಲವು ಹಳ್ಳಿಗಳನ್ನು ಕಲ್ನಾಡಾಗಿ, ಅಂದರೆ ವೀರನ ನೆನಪಿನ ದತ್ತಿಯಾಗಿ, ಕೊಟ್ಟ. ಆ ಕಲ್ಲಿನಲ್ಲಿ ಆನೆ ಇದೆ, ಕುದುರೆ ಇದೆ, ನುಗ್ಗುವವರು, ಬಿದ್ದವರು ಎಲ್ಲ ಕಿಕ್ಕಿರಿದಿದ್ದಾರೆ. ದೊಡ್ಡವರ ಸಾವಿಗೆ ದೊಡ್ಡ ಕಲ್ಲು. ನಾಗತ್ತರನ ಮಗಳು ತೊಂಡಬ್ಬೆ ಜೈನರ ಸಲ್ಲೇಖನ ವ್ರತ ಹಿಡಿದು, ಉಪವಾಸದಿಂದ ದೇಹ ಬಿಟ್ಟದ್ದಕ್ಕೂ ಬೇಗೂರಿನಲ್ಲೇ ಶಾಸನವಿದೆ. ಒಂದು ಮನೆಯವರ ಸಾವುಗಳನ್ನೆಲ್ಲ ಈ ಊರು ಕಲ್ಲಿನಲ್ಲಿ ಬರೆಸಿಟ್ಟುಕೊಂಡಿದೆ. ಆದರೆ ಬೇಗೂರಿಗೆ ಜನರನ್ನು ಕರೆಸುವುದು ಅವುಗಳಲ್ಲಿ ಚಿಕ್ಕದಾದ ಈ ಕಲ್ಲೇ. ನಾನೂ ಊರ ಹೆಸರಿನ ಆಸೆಗೇ ಬಂದವನಲ್ಲವೆ?

ಹುಡುಗ ಟಾರ್ಚ್ ಆರಿಸದೆ ಕೇಳಿದ: ‘ಯಾರು ಗೆದ್ದಿದ್ದು ಅಂಕಲ್?’

‘ಸತ್ತವರ ವಿಷಯ ಅಷ್ಟೇ ಬರೆದಿರೋದು ಕಣೋ.’

‘ಮತ್ತೆ ಯಾಕೆ ಬರೆದ್ರು?’

ಉತ್ತರ ಹುಡುಕುತ್ತಿದ್ದಾಗ ಆಟೊದವನ ಹಾರ್ನ್ ಕೇಳಿಸಿತು, ಕಾಯ್ತೀನಿ ಅಂದಿದ್ದ. ಹುಡುಗ ಫೋನ್ ವಾಪಸ್ ಕೊಟ್ಟ. ಬ್ಯಾಟರಿ ನಾಲ್ಕು ಪರ್ಸೆಂಟ್ ಉಳಿದಿತ್ತು, ಆಟೊದವನಿಗೆ ದುಡ್ಡು ಕಳಿಸಬೇಕಿತ್ತು. ಅಜ್ಜಿಯ ಹತ್ತಿರ ಒಂದು ಮೊಳ ಕಾಕಡ ಕೊಂಡು ಐನೂರರ ನೋಟು ಮುರಿಸಿಕೊಂಡೆ.